ಪಂಪ್ ಮೂರನೇ ಪುಟಕ್ಕೆ ಬಂದರೆ ಹೇಗೆ?

ನಮಸ್ಕಾರ,

ಮಲ್ಪೆ ಬೋಟ್‌ಗಳಲ್ಲಿ ಮೆಕ್ಯಾನಿಕ್ ಆಗಿದ್ದು ಈಗ ಹಿರಿಯೂರಿಗೆ ವಾಪಸ್ ಬಂದಿರುವ ನೀವು, ಬೋಟ್ ಎಂಜಿನ್‌ಗೆ ಕಡಲ ನೀರಿನ ಪಂಪ್ (ಎಂಜಿನ್ ತಣ್ಣಗಿಡಲು ಕಡಲ ನೀರು ಎಳೆಯುವುದು) ಕೂರಿಸುವುದು ಹೇಗೆ ಅಂತ ಬರೆದು ಕಳಿಸಿದ್ದೀರಿ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಎರಡು ಪುಟ ಸೂರ್ಯಾಸ್ತ, ಅಲೆ, ಕಡಲಹಕ್ಕಿ. ಪೂರ್ತಿ ತೆಗೆಯಿರಿ. ಪಂಪ್ ಬರುವುದೇ ಮೂರನೇ ಪುಟದಲ್ಲಿ. ಅಲ್ಲಿಂದ "ಇದನ್ನು ಬಿಚ್ಚಿ, ಅದನ್ನು ಬಿಗಿ ಮಾಡಿ" ಅಂತ ಬರೀ ಅಪ್ಪಣೆ. ಯಾಕೆ ಅನ್ನುವುದು ಒಂದು ಕಡೆ ಬಿಟ್ಟರೆ ಎಲ್ಲೂ ಇಲ್ಲ.

ನಮ್ಮ ದಾವಣಗೆರೆ ಕಡೆ ಓದುಗರಿಗೆ ಕಡಲು ಅಷ್ಟಾಗಿ ಗೊತ್ತಿಲ್ಲ, ಪಂಪ್ ಚೆನ್ನಾಗಿ ಗೊತ್ತು. ಮೋನೋಬ್ಲಾಕ್ ಪಂಪ್ ಇಟ್ಟುಕೊಂಡು, ಪೈಪಿನ ತುದಿಯಲ್ಲಿ ನೀರು ಹಿಡಿದಿಡುವ ಫುಟ್‌ವಾಲ್ವ್ ಸೋರಿದಾಗಲೆಲ್ಲ ಬಿಂದಿಗೆಯಲ್ಲಿ ನೀರು ತುಂಬಿಸಿ ಬೈದುಕೊಂಡವರು. ಅಲ್ಲಿಂದಲೇ ಶುರು ಮಾಡಿ. ಬೋಟ್ ಪಂಪಿಗೆ ಆ ರಗಳೆ ಇಲ್ಲ, ತಾನೇ ನೀರು ಎಳೆದುಕೊಳ್ಳುತ್ತದೆ. ಯಾಕಂದರೆ ಒಳಗಿರುವುದು ರಬ್ಬರ್ ಇಂಪೆಲ್ಲರ್, ಅಂದರೆ ಬಾಗುವ ರೆಕ್ಕೆಗಳಿರುವ ಚಕ್ರ. ಪಂಪಿನ ಒಳಗೋಡೆಯಲ್ಲಿ ಒಂದು ಉಬ್ಬು ಇರುತ್ತದೆ. ಅದನ್ನು ದಾಟುವಾಗ ರೆಕ್ಕೆ ಮಡಚಿ ನೀರನ್ನು ಹೊರಗೆ ದಬ್ಬುತ್ತದೆ, ದಾಟಿದ ಮೇಲೆ ಬಿಚ್ಚಿಕೊಂಡು ಒಳಗೆ ಎಳೆಯುತ್ತದೆ. ಇಷ್ಟು ಹೇಳಿದರೆ ಅರ್ಧ ಕೆಲಸ ಮುಗಿಯಿತು. ನೀರಿಲ್ಲದೆ ತಿರುಗಿದರೆ ರಬ್ಬರ್ ಉಜ್ಜಿ ಸುಡುತ್ತದೆ, ಅದಕ್ಕೇ ಕೂರಿಸುವಾಗ ಗ್ಲಿಸರಿನ್ ಸವರುವುದು. ಗ್ರೀಸ್ ಯಾಕೆ ಬೇಡ ಅಂತಲೂ ಹೇಳಿ, ಅದು ರಬ್ಬರನ್ನು ತಿನ್ನುತ್ತದೆ ಅಲ್ವಾ? ತಿರುಗುವ ದಿಕ್ಕು ಬದಲಾದರೆ ನೀರು ಬರುವ ಬಾಯಿ, ಹೋಗುವ ಬಾಯಿ ಅದಲುಬದಲು. ಮುಚ್ಚಳದ ಗ್ಯಾಸ್ಕೆಟ್ ದಪ್ಪ ಜಾಸ್ತಿಯಾದರೆ ಎಳೆತ ಕಡಿಮೆ, ತೀರಾ ತೆಳುವಾದರೆ ಇಂಪೆಲ್ಲರ್ ಮುಚ್ಚಳಕ್ಕೆ ಉಜ್ಜುತ್ತದೆ. ನೀವು ಸುಮ್ನೆ "ಗ್ಯಾಸ್ಕೆಟ್ ಹಾಕಿ" ಅಂದುಬಿಟ್ಟಿದ್ದೀರಿ.

ಒಂದು ದೊಡ್ಡ ತಪ್ಪಿದೆ. ಬೋಟಿನೊಳಗೆ ಕಡಲ ನೀರು ಬಿಡುವ ವಾಲ್ವ್ ಮುಚ್ಚುವ ಮಾತು ಹಳೇ ಪಂಪ್ ಬಿಚ್ಚಿದ ಮೇಲೆ ಬರುತ್ತದೆ. ಬೋಟ್ ನೀರಿನಲ್ಲಿದ್ದು, ಯಾರಾದರೂ ನಿಮ್ಮ ಸಾಲು ಹಿಡಿದೇ ಕೆಲಸ ಮಾಡಿದರೆ ಎಂಜಿನ್ ರೂಮಿಗೆ ಕಡಲೇ ನುಗ್ಗುತ್ತದೆ. ನಿಮ್ಮ ಕೈಗೆ ಈ ಕ್ರಮ ಗೊತ್ತು, ಪೆನ್ನಿಗೆ ಗೊತ್ತಾಗಿಲ್ಲ.

ಇನ್ನು ನಿಮ್ಮ ಬರಹದ ಚಿನ್ನ. ಕೊನೆಯ ಪುಟದಲ್ಲಿ, ಅದೂ ಕಂಸದಲ್ಲಿ: ಪಂಪಿನ ಕೆಳಗಿನ ಸಣ್ಣ ತೂತು ಸೋರುತ್ತದೆ ಅಂತ ಒಬ್ಬರು ಅಂಟು ಮೆತ್ತಿ ಮುಚ್ಚಿದ್ದು, ಆಮೇಲೆ ಎಂಜಿನ್ ಆಯಿಲ್ ಬೆಳ್ಳಗೆ ನೊರೆಯಾದದ್ದು. ಇದನ್ನು ಯಾಕೆ ಬಚ್ಚಿಟ್ಟಿರಿ? ಶಾಫ್ಟಿನ ಮೇಲೆ ನೀರಿನ ಕಡೆಗೊಂದು ಸೀಲ್, ಆಯಿಲ್ ಕಡೆಗೊಂದು ಸೀಲ್. ಒಂದು ಸೋತರೆ ಸೋರಿದ್ದು ಹೊರಗೆ ಬಂದು ಕಾಣಲಿ ಅಂತಲೇ ಎರಡರ ನಡುವೆ ಆ ತೂತು. ಮುಚ್ಚಿದರೆ ನೀರು ಆಯಿಲ್ ಸೀಲನ್ನೂ ದಾಟಿ ಎಂಜಿನ್ ಒಳಗೆ ಹೋಗುತ್ತದೆ. ನಿಮ್ಮ ಬರಹ ಶುರುವಾಗಬೇಕಾದ್ದು ಇಲ್ಲಿಂದ. ಆಯಿಲ್ ಕೋಲು ಎಳೆದು ನೋಡಿದವರು ಯಾರು, ಆಗ ಏನಂದರು, ಅದೂ ಬೇಕು. ಆ ಮಾಲೀಕರ ಹೆಸರು ಮಾತ್ರ ಬೇಡ.

ಹಳೇ ಇಂಪೆಲ್ಲರ್‌ನ ಮುರಿದ ಚೂರುಗಳನ್ನು ಹುಡುಕದೆ ಬಿಡಬಾರದು, ಅವು ಹೀಟ್ ಎಕ್ಸ್‌ಚೇಂಜರ್‌ನಲ್ಲಿ (ಎಂಜಿನ್ನಿನ ಬಿಸಿಯನ್ನು ಕಡಲ ನೀರಿಗೆ ದಾಟಿಸುವ ಭಾಗ) ಸಿಕ್ಕಿಕೊಳ್ಳುತ್ತವೆ ಅಂದದ್ದು ಚೆನ್ನಾಗಿದೆ. ಕಾರಣ ಕೊಟ್ಟಿರುವುದು ಅದೊಂದಕ್ಕೇ, ನೆನಪಲ್ಲಿ ಉಳಿದದ್ದೂ ಅದೇ. ಬೆಲ್ಟ್, ಕ್ಲಿಪ್ ವಿಷಯ ಎರಡು ಸಾಲಿಗೆ ಇಳಿಸಿ. ಎಂಜಿನ್ ಚಾಲೂ ಮಾಡಿದ ತಕ್ಷಣ, ಪಂಪ್ ಎಳೆದ ನೀರು ಹೊಗೆ ಪೈಪಿನಿಂದ ಹೊರಗೆ ಬರುತ್ತಿದೆಯಾ ನೋಡಬೇಕು ಅನ್ನುವುದು ಬಿಟ್ಟುಹೋಗಿದೆ, ಸೇರಿಸಿ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಪಂಪಿನ ಒಳಗಿನ ಚಿತ್ರ ಪೆನ್ಸಿಲ್‌ನಲ್ಲಿ ನೀವೇ ಬರೆದು ಜೊತೆಗಿಡಿ. ವಕ್ರವಾದರೂ ಪರವಾಗಿಲ್ಲ, ಬಾಣದ ಗುರುತು ಮಾತ್ರ ಸರಿ ಇರಲಿ.

ಸಂಪಾದಕ, ದಾವಣಗೆರೆ