ಅಜ್ಜನ ಊರು ಕೇರಳಕ್ಕೆ ಹೋದದ್ದು ಯಾವಾಗ?

ಮನೆತನದ ಹಳೆ ಕಾಗದಪತ್ರಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮಂಗಳೂರಿನ ನಿವೃತ್ತ ನೋಂದಣಿ ಗುಮಾಸ್ತರೊಬ್ಬರ ಉತ್ತರ

ಪ್ರಶ್ನೆ: ನನ್ನ ಅಜ್ಜ, ಅಂದರೆ ತಾಯಿಯ ತಂದೆ, ಮಂಗಳೂರಿನಲ್ಲಿ ಓದಿದವರು. ಅವರ 1938ರ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಊರು ‘ಪೈವಳಿಕೆ, ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ’ ಎಂದಿದೆ. ಅದೇ ಪೈವಳಿಕೆಯಲ್ಲಿ 1959ರಲ್ಲಿ ಹುಟ್ಟಿದ ಅಮ್ಮನ ಜನನಪತ್ರದಲ್ಲಿ ‘ಕಣ್ಣೂರು ಜಿಲ್ಲೆ, ಕೇರಳ’ ಎಂದಿದೆ. ನಾವು ಮೂಲತಃ ಕೇರಳದವರು ಎಂದು ಅಣ್ಣ ವಾದ ಹೂಡುತ್ತಾನೆ. ನಮ್ಮದು ಅಳಿಯಕಟ್ಟು (ಅಳಿಯಸಂತಾನ), ಅಂದರೆ ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ. ಕುಟುಂಬದ ಹಳೆ ದಾಖಲೆ ಎಲ್ಲಿ ಹುಡುಕಲಿ?
— ಓದುಗಿ, ಸುರತ್ಕಲ್

ಉತ್ತರ: ಎರಡು ಕಾಗದವೂ ಸರಿ. ನಿಮ್ಮ ಅಜ್ಜ ಮಂಗಳೂರಿಗೆ ಬಂದದ್ದು ಒಂದೇ ಜಿಲ್ಲೆಯ ಒಂದು ತಾಲೂಕಿನಿಂದ ಇನ್ನೊಂದಕ್ಕೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು, ಉಳಿದ ದಕ್ಷಿಣ ಕನ್ನಡ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡನ್ನು ಮೊದಲು ಮಲಬಾರ್ ಜಿಲ್ಲೆಗೆ ಹಾಕಿ, 1957ರಲ್ಲಿ ಮಲಬಾರನ್ನೇ ಒಡೆದಾಗ ಕಣ್ಣೂರಿಗೆ ಕೊಟ್ಟರು. ಕಾಸರಗೋಡೇ ಒಂದು ಜಿಲ್ಲೆಯಾದದ್ದು 1984ರಲ್ಲಿ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ. 1963ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಊರು ಕೇರಳದಲ್ಲಿತ್ತು. ಅವರನ್ನು ಮಲಯಾಳಿ ಅನ್ನುವ ಧೈರ್ಯ ನಿಮ್ಮ ಅಣ್ಣನಿಗುಂಟೋ ಕೇಳಿ.

ಇನ್ನು ಹುಡುಕುವ ವಿಚಾರ. ಅಳಿಯಕಟ್ಟು ಅನ್ನುತ್ತೀರಿ, ಕೈಯಲ್ಲಿ ಹಿಡಿದದ್ದು ಮಾತ್ರ ಅಜ್ಜನ ಪುಸ್ತಕ! ಅಜ್ಜನ ಕುಟುಂಬ ಅವರ ತಾಯಿಯ ಮನೆ. ನಿಮ್ಮದು ಅಜ್ಜಿಯ ಕುಟುಂಬ. ಅಮ್ಮ ಪೈವಳಿಕೆಯಲ್ಲಿ ಹುಟ್ಟಿದ್ದಾರೆಂದರೆ ಅಜ್ಜಿಯ ತವರೂ ಆ ಆಸುಪಾಸಿನಲ್ಲೇ ಇದ್ದೀತು. ಅಜ್ಜಿಯ ಅಣ್ಣತಮ್ಮಂದಿರ, ಅವರ ಸೋದರಮಾವನ ಹೆಸರುಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಕುಟುಂಬದ ಪರವಾಗಿ ರುಜು ಹಾಕುತ್ತಿದ್ದವರು ಆ ಯಜಮಾನರು.

ನಿಮಗೆ ಬೇಕಾದದ್ದು ಪಾಲುಪಟ್ಟಿ, ಅಂದರೆ ಕುಟುಂಬದ ಆಸ್ತಿ ಪಾಲು ಮಾಡಿ ಬರೆಸಿದ ಪತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ (ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಸಂತತಿ ಸೇರಿದ ಕವಲು) ಪಾಲು ಕೇಳುವ ಹಕ್ಕು ಕೊಟ್ಟಿತು. ಆಮೇಲೆ ಬರೆಸಿದ ಪಾಲುಪಟ್ಟಿಗಳನ್ನು ನಾನು ಸಾಕಷ್ಟು ನಕಲು ಮಾಡಿದ್ದೇನೆ. ಮೊದಲ ಹಾಳೆಯಲ್ಲೇ ‘ಒಂದನೇ ಕವರು’ ಎಂದು ಅಜ್ಜಿಯೊಬ್ಬಳ ಹೆಸರು, ಕೆಳಗೆ ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು, ಪ್ರಾಯ ಸಮೇತ. ತೊಟ್ಟಿಲ ಮಗುವನ್ನೂ ಬಿಡುತ್ತಿರಲಿಲ್ಲ, ‘ಅಪ್ರಾಯಸ್ಥ’ ಎಂದು ಸೇರಿಸುತ್ತಿದ್ದರು. ಗಂಡಂದಿರ ಸುದ್ದಿಯೇ ಇಲ್ಲ. ಕೊನೆಗೆ ಗದ್ದೆ, ತೋಟಗಳ ಸರ್ವೆ ನಂಬ್ರ, ಚಕ್ಕುಬಂದಿ. ವಂಶವೃಕ್ಷ ಬರೆಸಲು ಇನ್ನೊಬ್ಬರಿಗೆ ದುಡ್ಡು ಕೊಡುವ ಬದಲು ಇಂಥದ್ದೊಂದು ಸಿಕ್ಕಿದರೆ ಸಾಕು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಡೆಕ್ಸ್ ಒಂದು ಹೆಸರಿನದು, ಎರಡು ಆಸ್ತಿಯದು. ಯಜಮಾನರ ಹೆಸರು ಗೊತ್ತಿದ್ದರೆ ಒಂದನೆಯದು, ಬರೇ ಜಾಗ ಗೊತ್ತಿದ್ದರೆ ಎರಡನೆಯದು. ಸ್ಥಿರಾಸ್ತಿ ಪತ್ರಗಳ ನಕಲು ಒಂದನೇ ಪುಸ್ತಕದಲ್ಲಿ, ವೀಲುನಾಮೆ ಮೂರನೆಯದರಲ್ಲಿ. ಪೈವಳಿಕೆಯ ಆಸ್ತಿಗೆ ಆ ಗ್ರಾಮ ಸೇರಿದ ಕೇರಳದ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಹಳೆ ಬರಹ ಕನ್ನಡದ್ದು; ಓದಿ ಹೇಳುವವರು ಸಿಗದೆ ಹೋದಾರು, ಹಾಗಾಗಿ ಸರ್ವೆ ನಂಬ್ರ ಹಿಡಿದುಕೊಂಡೇ ಹೋಗಿ.

ಆದರೆ ಮಂಗಳೂರನ್ನು ಬಿಟ್ಟುಬಿಡಬೇಡಿ. ತನ್ನ ಕೈಕೆಳಗಿನ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಸೇರಿದ ಪತ್ರವನ್ನಾದರೂ ಜಿಲ್ಲಾ ರಿಜಿಸ್ಟ್ರಾರ್ ನೋಂದಾಯಿಸಬಹುದು. ಕೋರ್ಟು ಕೆಲಸಕ್ಕೆಂದು ಮಂಗಳೂರಿಗೆ ಬಂದ ಯಜಮಾನ ಇಲ್ಲೇ ಕಾಗದವನ್ನೂ ಮುಗಿಸಿ ಹೋಗಿರಬಹುದಲ್ಲ? 1956ರ ಹಿಂದಿನದ್ದಾದರೆ ಇಲ್ಲಿ ಒಮ್ಮೆ ನೋಡಿಸಿ. ಈಗಿನ ಗಡಿಯಾದ ತಲಪಾಡಿಯ ಈಚೆ ಒಂದು ತುಂಡು ಗದ್ದೆ ಇದ್ದರಂತೂ ಈ ಕಡೆಯ ಕಚೇರಿಗೂ ಅದರ ಮೆಮೊ, ಅಂದರೆ ನೋಂದಣಿಯ ತಿಳುವಳಿಕೆ ಚೀಟಿ, ಬಂದಿರಬೇಕು.

ಗೇಣಿ ಜಾಗವಿದ್ದರೆ ದಾರಿ ಕವಲೊಡೆಯುತ್ತದೆ. ಈಚೆಯವರದ್ದು 1974ರ ನಂತರ ಗೇಣಿದಾರರು ಜಾಗದ ಹಕ್ಕು ಕೇಳಿ ಕೊಟ್ಟ ಏಳನೇ ನಂಬ್ರದ ಡಿಕ್ಲರೇಶನ್, ಭೂನ್ಯಾಯ ಮಂಡಳಿಯ ಫೈಲು. ಆಚೆಯವರದ್ದು ಕೇರಳ ಲ್ಯಾಂಡ್ ಟ್ರಿಬ್ಯೂನಲ್ಲಿನ ಪಟ್ಟಯ, ಅಂದರೆ ಗೇಣಿದಾರನ ಹಕ್ಕುಪತ್ರ. ಅವಿಭಕ್ತ ಕುಟುಂಬವನ್ನು ಕೇರಳ 1975ರ ಕಾಯಿದೆಯಿಂದ ತೆಗೆದೇ ಹಾಕಿತು. ಹಾಗಾಗಿ ಆ ಮೇಲಿನ ಕಾಲದ ಕಾಗದದಲ್ಲಿ ಕವರು ಹುಡುಕುತ್ತಾ ಕೂರಬೇಡಿ.

ಪ್ರಶ್ನೆ: ನಾವು ಸುಳ್ಯದವರು. ‘ನಮ್ಮ ಹಿರಿಯರು ಕೊಡಗಿನ ಅರಸರಿಗೆ ಕಂದಾಯ ಕಟ್ಟಿದವರು’ ಎನ್ನುತ್ತಿದ್ದರು ಅಜ್ಜ. ಹಾಗಾದರೆ ಕೊಡಗಿನಿಂದ ಇಳಿದು ಬಂದವರೇ?
— ಓದುಗ, ಸುಳ್ಯ

ಉತ್ತರ: ಕಂದಾಯ ಕಟ್ಟಲು ಘಟ್ಟ ಹತ್ತಿ ಇಳಿಯಬೇಕಾಗಿರಲಿಲ್ಲ. ಅಮರಸುಳ್ಯ, ಪುತ್ತೂರು ಮಾಗಣೆಗಳೇ (ಹಲವು ಗ್ರಾಮಗಳ ಕಂದಾಯ ವಿಭಾಗ) ಕೊಡಗಿಗೆ ಸೇರಿದ್ದವು. 1834ರಲ್ಲಿ ಕಂಪೆನಿ ಚಿಕ್ಕವೀರರಾಜನನ್ನು ಇಳಿಸಿದ ಮೇಲೆ ಅವನ್ನು ಕೆನರಾಕ್ಕೆ ಸೇರಿಸಿದರು. ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. 1837ರ ದಂಗೆಗೆ ಅದೂ ಒಂದು ಕಾರಣ. ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿ ಮದ್ರಾಸ್ ರೆವೆನ್ಯೂ ಬೋರ್ಡಿನ ನಡಾವಳಿಗಳುಂಟು. ಅದರಲ್ಲಿ ಮಾಗಣೆಯ ಕಥೆ ಸಿಕ್ಕೀತು. ನಿಮ್ಮ ಮನೆಯ ಹೆಸರು ಸಿಗುವ ಭರವಸೆ ನಾನು ಕೊಡುವುದಿಲ್ಲ.

ಪ್ರಶ್ನೆ: ಬೈಂದೂರಿನ ನಮ್ಮ ಮನೆಯ 1861ರ ಕಾಗದವೊಂದರಲ್ಲಿ ‘ಉತ್ತರ ಕೆನರಾ’ ಎಂದಿದೆ. ಕಾರವಾರಕ್ಕೆ ಹೋಗಬೇಕೇ?
— ಓದುಗ, ಉಡುಪಿ

ಉತ್ತರ: ಬೇಡ ಮಾರಾಯರೆ. ಕೆನರಾವನ್ನು ಎರಡು ಮಾಡಿದಾಗ ಕುಂದಾಪುರ ತಾಲೂಕನ್ನು ಮೊದಲು ಉತ್ತರಕ್ಕೆ ಹಾಕಿದ್ದರು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ಕೊಡುವಾಗ ಕುಂದಾಪುರವನ್ನು ಮಾತ್ರ ದಕ್ಷಿಣಕ್ಕೇ ಉಳಿಸಿಕೊಂಡರು. ಆಮೇಲಿನದೆಲ್ಲ ಕುಂದಾಪುರ, ಮಂಗಳೂರು ಲೆಕ್ಕ. 1997ರಲ್ಲಿ ಉಡುಪಿ ಜಿಲ್ಲೆ, 2018ರಲ್ಲಿ ಬೈಂದೂರೇ ತಾಲೂಕು ಆದದ್ದು ನಿಮಗೆ ಗೊತ್ತೇ ಇದೆ. ಹಳೆ ಕಡತ ಕೇಳುವ ಅರ್ಜಿಯಲ್ಲಿ ಮಾತ್ರ ‘ಸಾಬಿಕ್ ಕುಂದಾಪುರ ತಾಲೂಕು’, ಅಂದರೆ ಹಿಂದಿನ ಕುಂದಾಪುರ ತಾಲೂಕು, ಎಂದು ಕಾಣಿಸಿ, ಇಲ್ಲದಿದ್ದರೆ ‘ನಮ್ಮಲ್ಲಿಲ್ಲ’ ಎಂಬ ಹಿಂಬರಹ ಬಂದೀತು.