ಮೂಗು ಮುಚ್ಚಿರಲಿಲ್ಲ, ಆದರೂ ಮರಿಯ ಉಸಿರು ಕಟ್ಟಿದ್ದು ಹೇಗೆ?

ಪ್ರಶ್ನೆ: ನನ್ನ ಆರು ವರ್ಷದ ಮಗಳು ಕೋಳಿಮರಿಯೊಂದನ್ನು ಮುದ್ದಿನಿಂದ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಕುತ್ತಿಗೆ ಒತ್ತಿರಲಿಲ್ಲ, ಮೂಗು ಮುಚ್ಚಿರಲಿಲ್ಲ. ಆದರೂ ಮರಿ ಸತ್ತಿತು. ಅವಳು ಇನ್ನೂ ಅಳುತ್ತಿದ್ದಾಳೆ. ಏನಾಗಿರಬಹುದು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಉಸಿರು ಕಟ್ಟಿಯೇ ಹೋಗಿರಬೇಕು. ಪಶುವೈದ್ಯನಾಗಿ ಇಂಥ ಮರಿಗಳನ್ನು ಎಷ್ಟೋ ಸಲ ಅಂಗೈಯಲ್ಲಿಟ್ಟು ನೋಡಿದ್ದೇನೆ. ಮೈಮೇಲೆ ಒಂದು ಗೀರೂ ಇರುವುದಿಲ್ಲ.

ನಮಗೆ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಮಾಂಸದ ಪರದೆ ಇದೆ. ಅದು ಕೆಳಗಿಳಿದಾಗ ಶ್ವಾಸಕೋಶ ಹಿಗ್ಗಿ ಗಾಳಿ ಒಳಬರುತ್ತದೆ. ಯಾರಾದರೂ ಎದೆಗೂಡನ್ನು ಬಿಗಿಯಾಗಿ ತಬ್ಬಿದರೂ ಹೊಟ್ಟೆ ಆಡಿಸಿ ಒಂದಿಷ್ಟು ಉಸಿರಾಡಬಹುದು. ಕೋಳಿಗೆ ಆ ಪರದೆಯೇ ಇಲ್ಲ. ಅದರ ಶ್ವಾಸಕೋಶ ಬೆನ್ನಿನ ಕಡೆಯ ಪಕ್ಕೆಲುಬುಗಳಿಗೆ ಕಚ್ಚಿಕೊಂಡಿರುತ್ತದೆ, ಹಿಗ್ಗುವುದಿಲ್ಲ ಎಂದೇ ಹೇಳಬಹುದು. ಗಾಳಿ ಎಳೆದುಕೊಳ್ಳುವ ಕೆಲಸ ಅದಕ್ಕೆ ಸೇರಿದ ತೆಳು ಗಾಳಿಚೀಲಗಳದ್ದು. ಕಮ್ಮಾರನ ತಿದಿಯ ಹಾಗೆ ಅವನ್ನು ಹಿಗ್ಗಿಸಿ ಕುಗ್ಗಿಸುವುದು ಎದೆಮೂಳೆ ಮತ್ತು ಪಕ್ಕೆಲುಬುಗಳ ಚಲನೆ. ಬಿಗಿಹಿಡಿದ ಬೆರಳುಗಳು ಆ ತಿದಿಯನ್ನೇ ನಿಲ್ಲಿಸಿಬಿಡುತ್ತವೆ. ಮೂಗು ತೆರೆದಿದ್ದರೂ ಪ್ರಯೋಜನವಿಲ್ಲ.

ಹಾಗೆಂದು ಇದನ್ನು ಕೊರತೆ ಅಂದುಕೊಳ್ಳಬೇಡಿ. ಈ ಚೀಲಗಳಿಂದಾಗಿ ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಬಿಡುವಾಗಲೂ ಹೊಸ ಗಾಳಿ ಸಿಗುತ್ತಿರುತ್ತದೆ. ನಿಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ತೆಳು ಗಾಳಿಯಲ್ಲಿ ರೆಕ್ಕೆ ಬಡಿದು ದಾಟುವುದಕ್ಕೆ ಇದೂ ಒಂದು ಬಲ.

ವಪೆ ಇರುವ ಪ್ರಾಣಿಗಳ ಪಾಡು ಬೇರೆ. ಒಮ್ಮೆ ಮಾವಿನ ಗೊರಟೆ ಗಂಟಲಲ್ಲಿ ಸಿಕ್ಕ ಹಸುವೊಂದನ್ನು ನೋಡಲು ಹೋಗಿದ್ದೆ. ತೇಗು ಹೊರಬರದೆ ಹೊಟ್ಟೆ ಡೋಲಿನಂತೆ ಉಬ್ಬಿ ವಪೆಯನ್ನು ಎದೆಯೊಳಕ್ಕೆ ಒತ್ತಿತ್ತು. ಕುತ್ತಿಗೆ ಚಾಚಿ, ನಾಲಿಗೆ ಹೊರಹಾಕಿ ನಿಂತಿತ್ತು. ಎಡಪಕ್ಕೆಯ ಗುಳಿಯಲ್ಲಿ ಟ್ರೋಕಾರ್ ಎಂಬ ಕೊಳವೆ ತೊಡಿಸಿದ ಚೂಪು ಸಲಾಕೆ ಚುಚ್ಚಿದೆ. ಬುಸ್ಸೆಂದು ಗಾಳಿ ಹೊರಬಿದ್ದದ್ದೇ ತಡ, ಅದರ ಉಸಿರು ಸರಾಗವಾಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಮಗಳಿಗೆ ಬೈಯಬೇಡಿ. ಇನ್ನೊಂದು ಮರಿ ತಂದುಕೊಡಿ. ಒಂದು ಅಂಗೈಯನ್ನು ಮಣೆಯಂತೆ ಚಾಚಿ ಮರಿಯನ್ನು ಕಾಲೂರಿ ಕೂರಿಸಲಿ, ಇನ್ನೊಂದು ಕೈ ಅದರ ಬೆನ್ನಿನ ಮೇಲೆ ಸಡಿಲ ಚಪ್ಪರದಂತಿರಲಿ. ಎದೆ ಮೇಲೆ ಕೆಳಗೆ ಆಡುವುದು ಅವಳ ಅಂಗೈಗೆ ತಿಳಿಯುತ್ತಿದ್ದರೆ ಹಿಡಿತ ಸರಿಯಿದೆ.