ಪೇಜ್‌ಮೇಕರೋ ಇಂಡಿಸೈನೋ ಅನ್ನೋದು ಆಮೇಲೆ, ಮೊದಲು ನಮ್ಮ ರಾಮನ ಕಥೆ ಕೇಳಿ

ಶಾಲೆಯ ಸ್ಮರಣ ಸಂಚಿಕೆಗೆ ನಿಮ್ಮನ್ನು ಸಂಪಾದಕರು ಮಾಡಿದ್ದಾರೆ, ಪ್ರೆಸ್‌ಗೆ ಕೊಡುವ ಮೊದಲು ಪುಟ ಕಟ್ಟುವ ಸಾಫ್ಟ್‌ವೇರ್‌ಗಳಲ್ಲಿ ಪೇಜ್‌ಮೇಕರ್ ಕಲಿಯಲಾ, ಇಂಡಿಸೈನ್ ಕಲಿಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಅರ್ಧಂಬರ್ಧ ಕಲಿತಿದ್ದೆ, ಅದೇ ಎಡವಟ್ಟಾಗಿದ್ದು.

2009ನೇ ಇಸವಿ. ನಮ್ಮೂರ ಹೈಸ್ಕೂಲಿಗೆ 50 ವರ್ಷ ತುಂಬಿತ್ತು. ಸ್ಮರಣ ಸಂಚಿಕೆ ಕ್ರೌನ್ 1/4 ಸೈಜು, 128 ಪುಟ, 1000 ಪ್ರತಿ. ಮೂರು ಪ್ರೂಫ್ ನಾನೇ ಓದಿದ್ದೆ. ಮಾರನೇ ದಿನ ಬೆಳಿಗ್ಗೆ ಅಚ್ಚಿನ ಪ್ಲೇಟ್ ಆಗಬೇಕು. ರಾತ್ರಿ ಒಂಬತ್ತೂವರೆಗೆ ಒಂದು ಫೋನ್ ಬಂತು. ದಾನಿಗಳೊಬ್ಬರ ಮಗ. ‘ಸಾರ್, ನಮ್ಮ ತಂದೆ ಹೆಸರು ಒಂದು ಕಡೆ ರಾವ ಅಂತಿದೆ, ಇನ್ನೊಂದು ಕಡೆ ರಾವ್ ಅಂತಿದೆ, ಸ್ವಲ್ಪ ನೋಡಿ’ ಅಂದರು. ನ್ಯಾಯವಾದ ಮಾತೇ. ಬರೆದವರು ಹತ್ತು ಜನ, ಒಬ್ಬೊಬ್ಬರದು ಒಂದೊಂದು ರೀತಿ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಹುಡುಗ ಊಟಕ್ಕೆ ಹೋಗಿದ್ದ. ಇಷ್ಟಕ್ಕೆ ಅವನನ್ನು ಯಾಕೆ ಕಾಯಬೇಕು ಅಂತ ನಾನೇ ಕಂಪ್ಯೂಟರ್ ಮುಂದೆ ಕೂತೆ. ಪೇಜ್‌ಮೇಕರ್‌ನಲ್ಲಿ ಬರಹ ತಿದ್ದುವ ಸ್ಟೋರಿ ಎಡಿಟರ್ ತೆರೆದೆ, ‘ರಾವ’ ಹುಡುಕಿ ‘ರಾವ್’ ಹಾಕು ಅಂದೆ. ನಾರಾಯಣರಾವ, ಶ್ರೀನಿವಾಸರಾವ ಅಂತ ಸೇರಿಸಿ ಬರೆದವೂ ಸಿಗಲಿ ಅಂತ ಇಡೀ ಪದ ಮಾತ್ರ ಹುಡುಕುವ ಟಿಕ್ಕನ್ನೂ ತೆಗೆದೆ. ಚೇಂಜ್ ಆಲ್ ಒತ್ತಿದೆ. ದಾನಿಗಳ ಪುಟ ನೋಡಿದೆ, ಎಲ್ಲ ರಾವ್ ಆಗಿತ್ತು. ಖುಷಿಯಾಗಿ ಮನೆಗೆ ಹೋದೆ. ಹುಡುಗ ಬಂದು ಪ್ಲೇಟ್ ಮಾಡಲು ಬೇಕಾದ ಟ್ರೇಸಿಂಗ್ ಪ್ರತಿಯನ್ನು ರಾತ್ರಿಯೇ ತೆಗೆದ.

ಇಲ್ಲಿ ಏನಾಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ, ಇದೊಂದು ಗೊತ್ತಿದ್ದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ.

ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿ, ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ 7.0, ಬಂದಿದ್ದು 2001ರಲ್ಲಿ. ಹಾಗಾಗಿ ಅಲ್ಲಿ ನುಡಿ ತಂತ್ರಾಂಶದಲ್ಲಿರುವಂಥ ಹಳೆಯ ಆಸ್ಕಿ ಫಾಂಟ್ ಬಳಸುತ್ತಾರೆ. ಆಸ್ಕಿ ಫಾಂಟಿನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ, ಅಕ್ಷರದ ತುಂಡುಗಳಿರುತ್ತವೆ. ಕಂಪ್ಯೂಟರ್ ಪಾಲಿಗೆ ಅದೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳು. ‘ಕನ್ನಡ’ ಅನ್ನೋ ಪದ ಒಳಗಡೆ ಏಳು ಚಿಹ್ನೆ, ಅದರಲ್ಲಿ ಒಂದು ಬ್ರಿಟಿಷರ ಪೌಂಡ್ ಗುರುತು! ಪೌಂಡ್ ಅಂದರೆ ನ ಅಕ್ಷರದ ಒಂದು ತುಂಡು. ಈ ವ್ಯವಸ್ಥೆಯಲ್ಲಿ ಮ ಅಂತ ಬೇರೆ ಅಕ್ಷರ ಇಲ್ಲ. ವ ಬರೆದು ಬಲಗಡೆ ಒಂದು ಕೊಂಬು ಅಂಟಿಸಿದರೆ ಅದೇ ಮ. ಕಣ್ಣಿಗೆ ಮ, ಕಂಪ್ಯೂಟರಿಗೆ ವ ಮತ್ತು ಕೊಂಬು.

ಈಗ ಗೊತ್ತಾಯಿತಲ್ವಾ? ನಾನು ‘ರಾವ’ ಹುಡುಕಿದಾಗ ಅದು ‘ರಾಮ’ನನ್ನೂ ಹಿಡಿಯಿತು. ಸಂಚಿಕೆಯಲ್ಲಿದ್ದ ಪ್ರತಿಯೊಬ್ಬ ರಾಮನೂ ರಾವ್ ಆದ, ಪಕ್ಕದಲ್ಲಿ ಒಂದು ಕೊಂಬು ಅನಾಥವಾಗಿ ನೇತಾಡುತ್ತಿತ್ತು. ಜಯರಾಮ, ಪರಶುರಾಮ, ರಾಮಚಂದ್ರ, ಆರಾಮ, ವಿರಾಮ, ರಾಮಾಯಣ, ಯಾವುದೂ ಉಳಿಯಲಿಲ್ಲ. ರಾವಣ ರಾವ್ಣ ಆದ, ಕರಾವಳಿ ಕರಾವ್ಳಿ ಆಯಿತು, ನೀರಾವರಿ ನೀರಾವ್ರಿ. ಈ ಕೊನೆಯ ಮೂರು ಯೂನಿಕೋಡ್‌ನಲ್ಲಿದ್ದರೂ ಕೆಡುತ್ತಿದ್ದವು ಅನ್ನಿ, ಅದು ಶುದ್ಧ ನನ್ನ ದಡ್ಡತನ. ರಾಮೇಗೌಡರೊಬ್ಬರು ಮಾತ್ರ ಪಾರಾದರು. ಮೇ ಬರೆಯಲು ಶುರುವಾಗುವುದು ವೆ ತುಂಡಿನಿಂದ, ವ ತುಂಡಿನಿಂದಲ್ಲ. ಈ ಲೆಕ್ಕ ಹಾಕಲು ನನಗೆ ಒಂದು ವಾರ ಹಿಡಿಯಿತು.

ಗೊತ್ತಾಗಿದ್ದು ಬೈಂಡಿಂಗ್‌ನಲ್ಲಿ. ಫಾರ್ಮ್ ಮಡಚುತ್ತಿದ್ದವರು ‘ಯಾರು ಸಾರ್ ಇವರು, ಎಲ್ಲಾ ಪುಟದಲ್ಲೂ ರಾವ್’ ಅಂದರು. 16 ಪುಟಕ್ಕೆ ಒಂದು ಫಾರ್ಮ್, ಒಟ್ಟು ಎಂಟು. ಆರರಲ್ಲಿ ರಾಮ ಇದ್ದ. ಸಮಿತಿ ಅಧ್ಯಕ್ಷರ ಹೆಸರಲ್ಲೇ ರಾಮ ಇತ್ತು! ಅವರ ಸಂದೇಶ ಇದ್ದ ಫಾರ್ಮನ್ನೂ ದಾನಿಗಳ ಪಟ್ಟಿ ಇದ್ದ ಫಾರ್ಮನ್ನೂ ಮತ್ತೆ ಮುದ್ರಿಸಿದೆವು, 6,500 ರೂಪಾಯಿ ನನ್ನ ಕೈಯಿಂದ ಹೋಯಿತು. ಉಳಿದಿದ್ದಕ್ಕೆ ಒಂದು ಚೀಟಿ: ‘ರಾವ್ ಎಂದಿರುವಲ್ಲಿ ಸಂದರ್ಭ ನೋಡಿ ರಾಮ ಎಂದು ಓದಿಕೊಳ್ಳುವುದು’. ಅಧ್ಯಕ್ಷರು ಈಗಲೂ ಫೋನ್ ಮಾಡಿದರೆ ‘ರಾವ್ ಮಾತಾಡೋದು’ ಅಂತಲೇ ಶುರು ಮಾಡುತ್ತಾರೆ.

ಆದ್ದರಿಂದ ನೀವು ಸಾಫ್ಟ್‌ವೇರ್ ಕಲಿಯಬೇಡಿ. ಪುಟ ಕಟ್ಟುವುದು ಡಿಟಿಪಿಯವರ ಕೆಲಸ, ಬರಹ ಮುಗಿಸಿ ಕೊಡುವುದು ನಿಮ್ಮ ಕೆಲಸ. ಎಲ್ಲ ಲೇಖನಗಳನ್ನೂ ಮೊದಲು ಯೂನಿಕೋಡ್‌ಗೆ ತನ್ನಿ, ಹುಡುಕಿ ಬದಲಿಸುವುದೇನಿದ್ದರೂ ಅಲ್ಲೇ, ಒಂದೊಂದಾಗಿ ನೋಡಿ ಮಾಡಿ. ರಾವ್, ರಾವ, ರಾಯ ಯಾವುದು ಅಂತ ಲೇಔಟಿಗೆ ಮುಂಚೆಯೇ ತೀರ್ಮಾನ ಆಗಬೇಕು. ಲೇಔಟಿಗೆ ಹೋದಮೇಲೆ ಒಂದು ಅಕ್ಷರ ಬದಲಿಸಿದರೂ ಆ ಪುಟ ಮತ್ತೆ ಪ್ರಿಂಟ್ ತೆಗೆದು ಓದಬೇಕು. ನನಗೆ ಆವತ್ತು ಅದಕ್ಕೆ ಸೋಮಾರಿತನ.

ನಿಮ್ಮ ಡಿಟಿಪಿಯವರು ಇನ್ನೂ ಪೇಜ್‌ಮೇಕರ್‌ನಲ್ಲೇ ಇದ್ದರೆ ಯೂನಿಕೋಡ್ ಬರಹವನ್ನು ಆಸ್ಕಿಗೆ ತಿರುಗಿಸುತ್ತಾರೆ. ನಿಮ್ಮ ನಿಜವಾದ ಪ್ರೂಫ್ ಶುರುವಾಗುವುದು ಆಮೇಲೆ. ಮೊದಲು ಓದಿದ್ದೆಲ್ಲ ಲೆಕ್ಕಕ್ಕಿಲ್ಲ. ಇಂಗ್ಲಿಷ್ ಪದ ಮತ್ತು ಇಮೇಲ್ ವಿಳಾಸಕ್ಕೆ ನುಡಿ ಫಾಂಟ್ ಬಿದ್ದರೆ ಏನೇನೋ ಕನ್ನಡವಾಗುತ್ತದೆ, ಅದನ್ನು ನೋಡಿ. ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿದೆಯಾ ನೋಡಿ. ಅರ್ಕಾವತ್ತು ಸರಿಯಾದ ಅಕ್ಷರದ ಪಕ್ಕ ಕೂತಿದೆಯಾ ನೋಡಿ, ಯೂನಿಕೋಡ್‌ನಲ್ಲಿ ಅದು ಅಕ್ಷರದ ಮುಂಚೆ, ಆಸ್ಕಿಯಲ್ಲಿ ನಂತರ, ಹಾಗಾಗಿ ಜಾಗ ತಪ್ಪುವುದು ಸುಲಭ. ಹೈಫನೇಶನ್ (ಸಾಲಿನ ಕೊನೆಯಲ್ಲಿ ಪದ ಒಡೆಯುವುದು) ಆಫ್ ಮಾಡಿಸಿ, ಇಲ್ಲದಿದ್ದರೆ ಅದು ಕನ್ನಡವನ್ನು ಇಂಗ್ಲಿಷ್ ಅಂದುಕೊಂಡು ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಇಂಡಿಸೈನ್ ಬಳಸುವವರಾದರೆ ಯೂನಿಕೋಡ್‌ನಲ್ಲೇ ಮಾಡಿಸಿ, ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆನ್ ಇರಲಿ ಅಂತ ಹೇಳಿ. ಅದಿಲ್ಲದಿದ್ದರೆ ಒತ್ತಕ್ಷರ ಬಿಟ್ಟು ಬಿಟ್ಟು ನಿಲ್ಲುತ್ತವೆ. ನನ್ನ ಓಟು ಇದಕ್ಕೇ.

ಸಾಲಿನ ಅಂತರದಲ್ಲಿ ಜಿಪುಣತನ ಬೇಡ. ಪುಟ ಉಳಿಸೋಣ ಅಂತ 12 ಪಾಯಿಂಟ್ ಅಕ್ಷರಕ್ಕೆ 13 ಇಟ್ಟರೆ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. 16 ಇಡಿ. ಫೋಟೊಗಳನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸುಮ್ನೆ ಫೋಟೊ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ. 4 ಇಂಚು ಅಗಲಕ್ಕೆ ಅಚ್ಚಾಗಬೇಕಾದರೆ 1200 ಪಿಕ್ಸೆಲ್ ಬೇಕು. ಕವರ್ ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಬಣ್ಣದ ಪದ್ಧತಿ), ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ತೆಗೆಯಲು ಬಿಡುವ ಹೆಚ್ಚಿನ ಅಂಚು), ಇದನ್ನು ಡಿಟಿಪಿಯವರಿಗೆ ಹೇಳಿದರೆ ಸಾಕು.

ಕೊನೆಯ ಪ್ರೂಫನ್ನು ಸ್ಕ್ರೀನ್ ಮೇಲೆ ಓದಬೇಡಿ. ಪ್ರೆಸ್‌ಗೆ ಹೋಗುವ ಅದೇ ಪಿಡಿಎಫ್ ಅನ್ನು ನಿಜವಾದ ಸೈಜಿನಲ್ಲಿ ಪ್ರಿಂಟ್ ತೆಗೆಸಿ, ಲೇಖನ ಒಮ್ಮೆಯೂ ಓದದ ಒಬ್ಬರಿಗೆ ಕೊಡಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ, ಎರಡನೇ ಪುಟಕ್ಕೇ ಮೂರು ತಪ್ಪು ತೋರಿಸುತ್ತಾಳೆ. ಪ್ರತಿ ಪುಟಕ್ಕೂ ಸಹಿ ಮಾಡಿ. ಸಹಿ ಆದಮೇಲೆ ರಾತ್ರಿ ಒಂಬತ್ತೂವರೆಗೆ ಯಾರು ಫೋನ್ ಮಾಡಿದರೂ ‘ಪ್ಲೇಟ್ ಆಗಿಹೋಯ್ತು’ ಅನ್ನಿ. ಸುಳ್ಳಾದರೂ ಪರವಾಗಿಲ್ಲ.